ಬೋಣಿಯ ಮುಖ

ಮೊನ್ನೆ ಭಾನುವಾರ ನಮ್ಮ ಮನೆಯವರೆಲ್ಲ ಟೀವಿ ಮುಂದೆ ಕೂತು ಚೆನ್ನಾಗಿ ಅತ್ತರು. ಸಿನಿಮಾದಲ್ಲಿ ಒಬ್ಬಳು ಚಂದದ ಹುಡುಗಿ. ಅವಳ ಮುಖ ಬೆಂಕಿಗೆ ಸಿಕ್ಕಿ ಹಾಳಾಗುತ್ತದೆ, ಮದುವೆಯಾಗಬೇಕಾದವನು ಕೈಬಿಡುತ್ತಾನೆ, ಬೀದಿಯ ಜನ ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ಸೊಸೆ ಸೆರಗು ಒದ್ದೆ ಮಾಡಿಕೊಂಡಳು. ಮಗ ಕನ್ನಡಕ ಒರೆಸುವ ನೆಪದಲ್ಲಿ ಕಣ್ಣು ಒರೆಸಿಕೊಂಡ. ಮೊಮ್ಮಗಳಂತೂ ದಿಂಬು ಅಪ್ಪಿಕೊಂಡು ಬಿಕ್ಕಿದಳು. ನಾನೊಬ್ಬಳು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾ ಕೂತಿದ್ದೆ.

"ಅಜ್ಜೀ, ನಿಂಗೆ ಕರುಳೇ ಇಲ್ವಾ?" ಎಂದಳು ಮೊಮ್ಮಗಳು.

"ಅದಿರ್ಲಿ, ಅವಳಿಗೆ ತಂಗಿ ಇದ್ದಾಳೇನೇ?" ಎಂದು ಕೇಳಿದೆ.

ಸೊಸೆ ನನ್ನ ಕಡೆ ನೋಡಿ, ವಯಸ್ಸಾಯಿತು ಪಾಪ ಎನ್ನುವ ಹಾಗೆ ತಲೆ ಆಡಿಸಿದಳು. ಆದರೆ ನೀವೇ ಹೇಳಿ, ನಾನು ಕೇಳಿದ್ದರಲ್ಲಿ ತಪ್ಪೇನು? ಮುಖ ಕೆಟ್ಟವರ ಕಥೆಯನ್ನು ಎಲ್ಲರೂ ತೆಗೆಯುತ್ತಾರೆ. ಅದೇ ಮನೆಯಲ್ಲಿ ಮುಖ ಕೆಡದೆ ಸುಮ್ಮನೆ ಉಳಿದುಬಿಟ್ಟ ತಂಗಿಯ ಕಥೆಯನ್ನು ಇದುವರೆಗೆ ಒಬ್ಬನೂ ತೆಗೆದಿಲ್ಲ. ಇಂಥ ಸಿನಿಮಾ ನೋಡಿದರೆ ನನಗೆ ಅಳು ಬರುವುದಿಲ್ಲ, ಹೊಟ್ಟೆ ಉರಿಯುತ್ತದೆ. ಸುಳ್ಳು ಯಾಕೆ ಹೇಳಲಿ?

ನಮ್ಮದು ಶನಿವಾರಸಂತೆ. ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ ಅದು. ನಮ್ಮ ಮಂತ್ರಿಗಳು ಇಲ್ಲೇ ಮಡಿಕೇರಿಯಲ್ಲಿರುತ್ತಾರೆ, ಬಸ್ಸು ಹತ್ತಿದರೆ ಹೋಗಿ ಮಾತಾಡಿಸಿ ಬರಬಹುದು ಎಂದು ಅಪ್ಪ ಹಾಸನದ ಕಡೆಯ ನೆಂಟರ ಮುಂದೆ ಜಂಬ ಕೊಚ್ಚುತ್ತಿದ್ದ. ಹೋಗಿ ಒಬ್ಬ ಮಂತ್ರಿಯನ್ನೂ ಮಾತಾಡಿಸಿದವನಲ್ಲ. ಅವನ ಲೋಕವೆಲ್ಲ ಅಂಗಡಿ. ಸಂತೆಮಾಳಕ್ಕೆ ಮುಖ ಮಾಡಿದ ಅಂಗಡಿ, ಅದರ ಬೆನ್ನಿಗೇ ಮನೆ. ಬೆಲ್ಲ, ಉಪ್ಪು, ಒಣಮೆಣಸಿನಕಾಯಿ, ಸೀಮೆಎಣ್ಣೆ ಮಾರುತ್ತಿದ್ದ. ಸುತ್ತಲಿನ ಹಳ್ಳಿಯವರೂ ಎಸ್ಟೇಟಿನವರೂ ತಂದ ಏಲಕ್ಕಿ, ಕರಿಮೆಣಸು ಕೊಳ್ಳುತ್ತಿದ್ದ. ನಮ್ಮ ಮನೆಗೆ ಬಂದ ಯಾವ ನೆಂಟರೂ ಏಲಕ್ಕಿ ವಾಸನೆ ಹತ್ತದೆ ವಾಪಸು ಹೋದದ್ದಿಲ್ಲ.

ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಅನ್ನುತ್ತಾರಲ್ಲ, ಆ ಬೋಣಿಯ ಬಗ್ಗೆ ಅಪ್ಪನಿಗೆ ಒಂದು ಹಟವಿತ್ತು. ಬೇರೆ ಅಂಗಡಿಯವರು ಮೊದಲ ಗಿರಾಕಿಯ ಕೈಗುಣ ನೋಡಿದರೆ ಅಪ್ಪ ಮುಖಗುಣ ನೋಡುತ್ತಿದ್ದ, ಅದೂ ಗಿರಾಕಿಯದಲ್ಲ. ಅಂಗಡಿಯ ಹಲಗೆ ತೆಗೆಯುವ ಮೊದಲು ತಾನು ಕಣ್ಣು ಬಿಟ್ಟು ನೋಡುವ ಮೊದಲ ಮುಖ ನನ್ನ ಅಕ್ಕ ನೀಲಾಳದ್ದೇ ಆಗಬೇಕು. ಅದಕ್ಕಾಗಿ ಅವನು ಹಾಸಿಗೆಯಿಂದ ಎದ್ದವನೇ ಕಣ್ಣು ಮುಚ್ಚಿಕೊಂಡು ಗೋಡೆ ಸವರುತ್ತಾ ಬಚ್ಚಲಿಗೆ ಹೋಗುತ್ತಿದ್ದ. ಕಣ್ಣು ಮುಚ್ಚಿಕೊಂಡೇ ಸ್ನಾನ. ಲಿಂಗಪೂಜೆಗೆ ಮಾತ್ರ ಕಣ್ಣು ಬಿಟ್ಟು, ಅಂಗೈಯಲ್ಲಿದ್ದ ಲಿಂಗ ಬಿಟ್ಟು ಬೇರೇನೂ ಕಾಣದ ಹಾಗೆ ತಲೆ ಮೇಲೆ ಪಂಚೆ ಹೊದ್ದುಕೊಂಡಿರುತ್ತಿದ್ದ. ಪೂಜೆ ಮುಗಿದರೆ ಮತ್ತೆ ಕಣ್ಣು ಮುಚ್ಚುತ್ತಿದ್ದ. ನಮ್ಮ ಅಯ್ಯನವರು ಒಮ್ಮೆ, "ಲಿಂಗ ಕಂಡ ಮೇಲೂ ಇನ್ನೊಂದು ಮುಖ ಬೇಕೇನಯ್ಯ?" ಎಂದು ಕೇಳಿದ್ದಕ್ಕೆ, "ಅದು ಜೀವಕ್ಕೆ ಬುದ್ಧೀ, ಇದು ಅಂಗಡಿಗೆ" ಎಂದು ಕೈಮುಗಿದಿದ್ದ.

ಅಷ್ಟು ಹೊತ್ತೂ ನಾವು ಉಳಿದವರು ಅವನ ದಾರಿಯಲ್ಲಿ ಸಿಗಬಾರದು. ಅವ್ವ ಕಾಫಿ ಲೋಟವನ್ನು ಬೆನ್ನ ಹಿಂದಿನಿಂದ ಅವನ ಕೈಗಿಡುತ್ತಿದ್ದಳು. "ನೀಲಾ ಹುಟ್ಟಿದಾಗ್ಲಿಂದ ಈ ಮನುಷ್ಯ ಬೆಳಗಿನ ಹೊತ್ತು ನನ್ನ ಮುಖ ನೋಡಿಲ್ಲ ಕಣ್ರವ್ವಾ, ಮಧ್ಯಾಹ್ನದ ಮೇಲಷ್ಟೇ ನಾನು ಹೆಂಡ್ತಿ" ಎಂದು ನೀರಿಗೆ ಹೋದಲ್ಲಿ ಹೆಂಗಸರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಆ ನಗುವಿನ ಅಡಿಯಲ್ಲಿ ಸ್ವಲ್ಪ ಉರಿ ಇತ್ತು ಎಂದು ನನಗೆ ಗುಮಾನಿ. ಹೊಟ್ಟೆಕಿಚ್ಚು ನನಗೆ ಅವ್ವನ ಕಡೆಯಿಂದ ಬಂದದ್ದು.

ಮನೆಗೂ ಅಂಗಡಿಗೂ ನಡುವೆ ಒಂದು ಬಾಗಿಲು. ಅದರ ಹೊಸ್ತಿಲ ಆಚೆ ನೀಲಕ್ಕ ಮುಖ ತೊಳೆದು, ಅರಿಶಿನ ಹಚ್ಚಿ, ವಿಭೂತಿ ಕುಂಕುಮ ಇಟ್ಟು, ಹೂ ಮುಡಿದು ನಿಂತಿರುತ್ತಿದ್ದಳು. ಅಪ್ಪ ಹೊಸ್ತಿಲ ಈಚೆ ನಿಂತು ಕಣ್ಣು ಬಿಡುತ್ತಿದ್ದ. ಬಿಟ್ಟವನು ಒಂದು ಗಳಿಗೆ ಸುಮ್ಮನೆ ನೋಡುತ್ತಿದ್ದ. ಆಮೇಲೆ ಅವನ ಮುಖದಲ್ಲಿ ನಿಧಾನವಾಗಿ ಒಂದು ನಗು ಬರುತ್ತಿತ್ತು. ಅಡುಗೆಮನೆಯ ಬಾಗಿಲ ಸಂದಿಯಿಂದ ಆ ನಗು ನೋಡಿ ನೋಡಿ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವಳ ಮುಖದಲ್ಲಿ ಅಂಥದ್ದೇನಿತ್ತು ಎಂದು ನಾನು ಬಹಳ ಹುಡುಕಿದ್ದೇನೆ. ಮೂಗು ನನ್ನದೇ ಮೂಗು. ಬಣ್ಣ ಒಂದು ಕೈ ಹೆಚ್ಚು, ಒಪ್ಪಿಕೊಳ್ಳೋಣ. ಕಣ್ಣು ದೊಡ್ಡವು, ಆದರೆ ನಮ್ಮ ಹಸುವಿನ ಕಣ್ಣೂ ದೊಡ್ಡವೇ ಇದ್ದವು, ಅದನ್ನೇನು ಯಾರೂ ಹೊಸ್ತಿಲಲ್ಲಿ ನಿಲ್ಲಿಸಿಕೊಳ್ಳಲಿಲ್ಲ. ಒಂದು ದಿನ ಧೈರ್ಯ ಮಾಡಿ ಅವಳಿಗಿಂತ ಮುಂಚೆ ಎದ್ದು, ಅವಳ ಹೂವನ್ನೇ ಮುಡಿದು ಹೋಗಿ ನಿಂತೆ. ಅಪ್ಪ ಕಣ್ಣು ಬಿಟ್ಟ, "ಥೂ ನಿನ್ನ, ನೀನ್ಯಾಕೆ ಬಂದ್ಯೇ?" ಎಂದು ಕಿವಿ ಹಿಂಡಿದ. ಆ ದಿನ ಇಲಿ ಬೆಲ್ಲದ ಅಚ್ಚು ಕಡಿದಿದ್ದಕ್ಕೂ, ಸೀಮೆಎಣ್ಣೆ ಡಬ್ಬ ಸೋರಿದ್ದಕ್ಕೂ, ಮಧ್ಯಾಹ್ನ ಮಳೆ ಬಂದು ಮೆಣಸು ಒದ್ದೆಯಾಗಿದ್ದಕ್ಕೂ ನನ್ನ ಮುಖವೇ ಕಾರಣವಾಯಿತು. ಕೊಡಗಿನಲ್ಲಿ ಮಳೆ ಬರುವುದಕ್ಕೆ ನನ್ನ ಮುಖ ಬೇಕಾಗಿತ್ತಂತೆ!

ಸಂತೆಯ ದಿನ ಸಂಜೆ ಅಂಗಡಿಯಲ್ಲಿ ಗ್ಯಾಸ್‌ಲೈಟ್ ಹಚ್ಚುತ್ತಿದ್ದರು. ಅದಕ್ಕೆ ಗಾಳಿ ಹೊಡೆಯುವ ಕೆಲಸ ಅಪ್ಪನದು. ಆ ಶನಿವಾರ ವ್ಯಾಪಾರ ಬಹಳ ಚೆನ್ನಾಗಿ ಆಗಿ ಅಪ್ಪ ಖುಷಿಯಲ್ಲಿದ್ದ. "ಬಾರವ್ವಾ ನೀಲಾ, ದೀಪ ಹಚ್ಚೋ ಕೈನೂ ನಿಂದೇ ಆಗ್ಲಿ ಇವತ್ತು" ಎಂದು ಕರೆದ. ಅಕ್ಕ ಬಂದು ಕುಕ್ಕರುಗಾಲಲ್ಲಿ ಕೂತು ಗಾಳಿ ಹೊಡೆದಳು. ನಾನು ಅಲ್ಲೇ ಮೆಣಸಿನಕಾಯಿ ಚೀಲದ ಮೇಲೆ ಕೂತು, ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಮುಖ ಊದಿಸಿಕೊಂಡಿದ್ದೆ. ಬುಸ್ ಎಂದು ಎದ್ದ ಬೆಂಕಿ ಅವಳ ಮುಖಕ್ಕೇ ಹೊಡೆಯಿತು. ಅಪ್ಪ ಬರಿಗೈಯಲ್ಲೇ ಅದನ್ನು ಬಡಿದು ಬಡಿದು, ಕಂಬಳಿ ಎಳೆದು ಅವಳ ತಲೆ ಮೇಲೆ ಹಾಕಿದ. ಅವನ ಎರಡು ಅಂಗೈಯೂ ಬೆಂದಿದ್ದವು.

ಏಲಕ್ಕಿ ಸಾಗಿಸುವ ಲಾರಿಯಲ್ಲಿ ಅವಳನ್ನು ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನನಗೋ ಮಡಿಕೇರಿ ನೋಡಬೇಕು ಎಂದು ಪ್ರಾಣ. ಅವಳು ಅವ್ವನ ತೊಡೆ ಮೇಲೆ ಮಲಗಿ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಏನೂ ನೋಡದೆ ಆ ದಾರಿಯೆಲ್ಲ ಹೋದಳು. ನಾನು ಮನೆಯಲ್ಲಿ ಉಳಿದು ಅಪ್ಪನಿಗೆ ಅನ್ನ ಕಲಸಿ ಬಾಯಿಗಿಟ್ಟೆ, ಕೈ ಬೆಂದಿತ್ತಲ್ಲ. ಅವನು ತುತ್ತು ನುಂಗುತ್ತಾ ನನ್ನ ತಲೆಯ ಮೇಲಿನಿಂದ ಬೀದಿ ನೋಡುತ್ತಿದ್ದ, ಲಾರಿ ಏನಾದರೂ ವಾಪಸು ಬಂತೇ ಎಂದು.

ಅವಳು ಬರುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಎಡಗೆನ್ನೆಯ ಚರ್ಮ ಹುಬ್ಬಿನಿಂದ ಗದ್ದದವರೆಗೆ ಸುಕ್ಕುಗಟ್ಟಿ ಕೆಂಪಾಗಿತ್ತು. ಎಡಗಣ್ಣಿನ ಕೆಳರೆಪ್ಪೆ ಜೋತುಬಿದ್ದಿತ್ತು. ತುಟಿಯ ಒಂದು ಮೂಲೆ ಮೇಲಕ್ಕೆ ಎಳೆದುಕೊಂಡು, ಅವಳು ಸುಮ್ಮನಿದ್ದಾಗಲೂ ಏನೋ ಅಣಕಿಸುವ ಹಾಗೆ ಕಾಣುತ್ತಿತ್ತು. ಬಲಗಡೆ ಮಾತ್ರ ಹಳೆಯ ನೀಲಕ್ಕನೇ. ಅವ್ವ ಮನೆಯಲ್ಲಿದ್ದ ಒಂದೇ ಕನ್ನಡಿಯನ್ನು ಅಕ್ಕಿ ಪೆಟ್ಟಿಗೆಯ ತಳಕ್ಕೆ ಸೇರಿಸಿದಳು.

ಬಂದ ಮರುದಿನ ಬೆಳಿಗ್ಗೆ ನೀಲಕ್ಕ ಎಂದಿನ ಹಾಗೆ ಎದ್ದು, ಮುಖ ತೊಳೆದು, ಕುಂಕುಮ ಇಟ್ಟು, ಹೊಸ್ತಿಲಾಚೆ ಹೋಗಿ ನಿಂತಳು. ಅಪ್ಪ ಗೋಡೆ ಸವರುತ್ತಾ ಬಂದು ತನ್ನ ಜಾಗದಲ್ಲಿ ನಿಂತ. ಕಣ್ಣು ಬಿಡಲಿಲ್ಲ. ರೆಪ್ಪೆಗಳು ಅದುರುತ್ತಿದ್ದವು. ಅಡುಗೆಮನೆಯಲ್ಲಿ ಅವ್ವ ಒಲೆ ಊದುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ, "ಪಾರೀ" ಎಂದು ಕರೆದ. ಪಾರಿ ಎಂದರೆ ನಾನು, ಪಾರ್ವತಿ. ನಾನು ಓಡಿ ಹೋದೆ. ಅಪ್ಪ ನನ್ನ ಸದ್ದು ಬಂದ ಕಡೆ ತಿರುಗಿ ಕಣ್ಣು ಬಿಟ್ಟು ನನ್ನನ್ನು ನೋಡಿ, ಅಕ್ಕನನ್ನು ದಾಟಿಕೊಂಡು ಹೋಗಿ ಹಲಗೆ ತೆಗೆದ.

ಅಂದಿನಿಂದ ಅಂಗಡಿಯ ಬೋಣಿಯ ಮುಖ ನನ್ನದಾಯಿತು. ಇಷ್ಟು ವರ್ಷ ಹಂಬಲಿಸಿದ್ದು ಕೈಗೆ ಬಂತು ಎಂದು ನಾನು ಕುಣಿದೆ. ಕುಣಿದದ್ದು ಬಹಳ ದಿನ ಉಳಿಯಲಿಲ್ಲ. ಅಪ್ಪ ಕಣ್ಣು ಬಿಡುತ್ತಿದ್ದ, ನಾನು ಹಲ್ಲು ಕಿರಿಯುತ್ತಿದ್ದೆ, ಅವನು ಆಗಲೇ ಹಲಗೆಯ ಕಡೆ ತಿರುಗಿರುತ್ತಿದ್ದ. ಹಾಲು ಉಕ್ಕಿತೇ ಎಂದು ನೋಡುವವರು ಸಹ ಅದಕ್ಕಿಂತ ಹೆಚ್ಚು ಹೊತ್ತು ನೋಡುತ್ತಾರೆ. ನಗು ಬರುತ್ತದೆಯೇ ಎಂದು ನಾನು ಕಾದೆ. ಬರಲಿಲ್ಲ. ಅರಿಶಿನ ಜಾಸ್ತಿ ಹಚ್ಚಿ ನೋಡಿದೆ. "ಕಾಮಾಲೆ ಗೀಮಾಲೆ ಆಗಿದ್ಯೇನೇ ಇವ್ಳಿಗೆ?" ಎಂದು ಅವ್ವನನ್ನು ಕೇಳಿದ.

ನೀಲಕ್ಕನ ಮುಖವನ್ನು ಅಪ್ಪ ಬೆಳಿಗ್ಗೆ ಮಾತ್ರವಲ್ಲ, ಯಾವ ಹೊತ್ತಿನಲ್ಲೂ ನೋಡುತ್ತಿರಲಿಲ್ಲ. ಅವಳ ಜೊತೆ ಮಾತಾಡುವಾಗ ಕಂಬ ನೋಡುತ್ತಿದ್ದ, ನೀರಿನ ಚೊಂಬು ನೋಡುತ್ತಿದ್ದ, ಬಹಳ ಸಲ ನನ್ನನ್ನೇ ನೋಡಿಕೊಂಡು, "ನೀಲಾ, ಊಟ ಆಯ್ತೇನವ್ವಾ?" ಎನ್ನುತ್ತಿದ್ದ. ಅಕ್ಕ ಬೇಕೆಂದೇ ಅವನ ಎದುರಿಗೆ ಬಂದು ಕೂರುತ್ತಿದ್ದಳು. ಎಲೆಗೆ ಬಡಿಸಲು ಬಗ್ಗಿ ಅವನ ಕಣ್ಣಿಗೆ ಬೀಳಲು ನೋಡುತ್ತಿದ್ದಳು. ಅವನು ಎಲೆಯ ಮೇಲಿನ ಉಪ್ಪನ್ನೇ ನೋಡುತ್ತಿದ್ದ. ಅವಳಿಗೆ ಬೇರೆ ಏನೂ ಬೇಕಾಗಿರಲಿಲ್ಲ, ಅಪ್ಪ ಒಂದು ಸಲ ನೋಡಿದರೆ ಸಾಕಾಗಿತ್ತು. ಅದನ್ನು ಬಾಯಿಬಿಟ್ಟು ಅವ್ವನ ಹತ್ತಿರ ಹೇಳಿದ್ದೂ ನನಗೆ ಕೇಳಿಸಿತ್ತು: "ಊರೋರು ನೋಡ್ದಿದ್ರೆ ಹಾಳಾಗ್ಲಿ ಅವ್ವಾ. ಅಪ್ಪ ನೋಡ್ದೆ ಇದ್ರೆ ನಾನು ನಾನೇ ಹೌದೋ ಅಲ್ವೋ ಅಂತ ಅನ್ಸುತ್ತೆ."

ಊರಿನವರದ್ದು ಇನ್ನೊಂದು ಥರ. ನಮ್ಮ ಕಡೆ, ಎಲ್ಲಿಗಾದರೂ ಹೊರಟಾಗ ಎದುರಿಗೆ ಅಪಶಕುನ ಬಂದರೆ ಹಾಗೇ ಮುಂದೆ ಹೋಗುವುದಿಲ್ಲ. ಮನೆಗೆ ವಾಪಸು ಬಂದು, ಚಪ್ಪಲಿ ಬಿಟ್ಟು, ಒಂದು ಗಳಿಗೆ ಕೂತು, ಒಂದು ಗುಟುಕು ನೀರು ಕುಡಿದು ಹೊಸದಾಗಿ ಹೊರಡುತ್ತಾರೆ. ಆಗ ಹಿಂದೆ ಕಂಡದ್ದು ಕಂಡ ಹಾಗಲ್ಲ. ನೀಲಕ್ಕ ಕೊಡ ಹಿಡಿದು ಬಾವಿಗೆ ಹೊರಟರೆ ಬೀದಿಯಲ್ಲಿ ಜನ ಹೀಗೆ ತಂತಮ್ಮ ಮನೆಗೆ ಹಿಂತಿರುಗತೊಡಗಿದರು. ಎದುರುಮನೆ ಶಾಂತಮ್ಮನಂತೂ ಒಂದೇ ಬೆಳಿಗ್ಗೆ ಮತ್ತೆ ಮತ್ತೆ ತಿರುಗಿ, ಮತ್ತೆ ಮತ್ತೆ ನೀರು ಕುಡಿದು, ಕೊನೆಗೆ ಹೊಟ್ಟೆ ಉಬ್ಬರಿಸಿಕೊಂಡು ಹೋಗಬೇಕಾದಲ್ಲಿಗೆ ಹೋಗಲೇ ಇಲ್ಲ. ಅರಕಲಗೂಡಿನ ಕಡೆಯಿಂದ ಅಕ್ಕನನ್ನು ನೋಡಿ ಒಪ್ಪಿ ಹೋಗಿದ್ದ ಗಂಡಿನವರು, ಹುಡುಗನಿಗೆ ಈ ವರ್ಷ ಕಂಕಣಬಲ ಇಲ್ಲ ಎಂದು ಹೇಳಿ ಕಳಿಸಿದರು. ಮುಂದಿನ ವರ್ಷ ಇದೆಯೇ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಅವ್ವ ಅಕ್ಕನನ್ನು ಹೊರಗೆ ಕಳಿಸುವುದನ್ನು ನಿಲ್ಲಿಸಿದಳು. ಅದರ ಫಲ ಯಾರು ಉಂಡದ್ದು? ಬಾವಿಯ ನೀರೆಲ್ಲ ನನ್ನ ಸೊಂಟದ ಮೇಲೆ. ಸಗಣಿ ನಾನು ಬಾಚಬೇಕು, ಬಟ್ಟೆ ನಾನು ಒಗೆಯಬೇಕು. ಅವಳಿಗೆ ರಾತ್ರಿ ಬಾದಾಮಿ ತೇಯ್ದ ಹಾಲು, ಮೇಷ್ಟರ ಹೆಂಡತಿ ಕಳಿಸಿದ ಕಾದಂಬರಿ, ಕೆನ್ನೆಗೆ ಹಚ್ಚಲು ಅವ್ವ ಕೈಯಾರೆ ಕಡೆದ ಬೆಣ್ಣೆ. ನನ್ನ ಮೂಗಿನ ಮೇಲೆ ಆಗ ಒಂದು ಮೊಡವೆ ಎದ್ದಿತ್ತು. ಅದು ಹಣ್ಣಾಗಿ ಒಡೆದು ಮಾಯುವವರೆಗೂ ಮನೆಯಲ್ಲಿ ಯಾರೂ ಅದರ ಬಗ್ಗೆ ಒಂದು ಮಾತಾಡಲಿಲ್ಲ. ನನಗೂ ಏನಾದರೂ ಆಗಬಾರದೇ, ಸಣ್ಣದಾಗಿ, ಒಂದು ಲೋಟ ಬಾದಾಮಿ ಹಾಲಿಗೆ ಆಗುವಷ್ಟು, ಎಂದು ನಾನು ಬಸವಣ್ಣನ ಗುಡಿಯಲ್ಲಿ ಕೇಳಿಕೊಂಡದ್ದುಂಟು.

ಕನ್ನಡಿ ಇಲ್ಲದೆ ನನಗೆ ಕುಂಕುಮ ಇಡುವುದೇ ಪಾಡು. ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದೆ. ಹಂಡೆಯ ಹೊಟ್ಟೆಯಲ್ಲಿ ಕೆನ್ನೆ ಒಂದು ಕಡೆ ಊದಿ, ಕಣ್ಣು ಇನ್ನೊಂದು ಕಡೆ ಜಾರಿ, ಬಾಯಿ ಕಿವಿಯವರೆಗೆ ಹರಿದು ಕಾಣುತ್ತದೆ. ಒಂದು ದಿನ ನೀಲಕ್ಕ ಹಿಂದಿನಿಂದ ಬಂದು ನನ್ನ ಭುಜದ ಮೇಲೆ ಗದ್ದ ಇಟ್ಟು ಬಗ್ಗಿದಳು. "ಪಾರೀ, ಇದ್ರಲ್ಲಿ ನಾವಿಬ್ರೂ ಒಂದೇ ಥರ ಕಾಣ್ತೀವಲ್ಲೇ!" ಎಂದು ನಕ್ಕಳು. ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೆ ಮಾತ್ರ ಮೈ ಉರಿದುಹೋಯಿತು. "ನಿನ್ನ ಥರ ನಾನ್ಯಾಕೆ ಕಾಣ್ಲಿ?" ಎಂದು ಹಂಡೆಗೆ ಒಂದು ಚೊಂಬು ನೀರು ಎರಚಿ ಬಂದೆ.

ಚಳಿಗಾಲಕ್ಕೆ ಸಂತೆಮಾಳದ ಮೂಲೆಯಲ್ಲಿ ಟೂರಿಂಗ್ ಟಾಕೀಸಿನ ಡೇರೆ ಎದ್ದಿತು. ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ, ನಡುವೆ ಮೊಣಕಾಲೆತ್ತರದ ಬಿದಿರು ತಡಿಕೆ. ಚಿತ್ರ ತಮಿಳಿನದು. ನಮ್ಮೂರಿನಲ್ಲಿ ಎಲ್ಲರಿಗೂ ತಮಿಳು ಬರದ ಕಾರಣ, ಡೇರೆಯ ಕುಞಪ್ಪ ಎಂಬ ಮಲೆಯಾಳಿ ಪರದೆಯ ಪಕ್ಕ ನಿಂತು ತನ್ನ ಕನ್ನಡದಲ್ಲಿ ಕೂಗಿ ಕೂಗಿ ಕಥೆ ಹೇಳುತ್ತಿದ್ದ. ಯುದ್ಧಕ್ಕೆ ಹೋದ ಸಿಪಾಯಿಯೊಬ್ಬ ಮುಖ ಸುಟ್ಟುಕೊಂಡು ಊರಿಗೆ ಬರುತ್ತಾನೆ, ಊರಿನವರು ಇವನು ಅವನಲ್ಲ ಎನ್ನುತ್ತಾರೆ, ಹೆಂಡತಿ ಒಳಗೆ ಸೇರಿಸುವುದಿಲ್ಲ. ಎಲ್ಲರೂ ಅಳುತ್ತಾ ಬರುತ್ತಾರೆ ಎಂಬ ಸುದ್ದಿ ಹಬ್ಬಿ ಊರಿಗೆ ಊರೇ ಹೋಗತೊಡಗಿತು. ಕೊಡ್ಲಿಪೇಟೆಯಿಂದ ಗಾಡಿ ಕಟ್ಟಿಕೊಂಡು ಬಂದು ಅತ್ತು ಹೋದವರೂ ಇದ್ದರು.

ಒಂದು ಶುಕ್ರವಾರ ನೀಲಕ್ಕ, "ನಾನೂ ನೋಡ್ಬೇಕು" ಎಂದಳು. ಅವ್ವ ಬೇಡ ಎಂದಳು. ಅಪ್ಪ ಕಂಬಕ್ಕೆ, "ಹೋಗ್ಲಿ, ಸೆರಗು ಹೊದ್ಕೊಂಡು ಬರ್ಲಿ" ಎಂದ. ದೀಪ ಹಚ್ಚುವ ಹೊತ್ತಿನ ಮೊದಲ ಆಟಕ್ಕೆ ನಾವು ನಾಲ್ವರೂ ಹೋದೆವು. ಅಪ್ಪ ತಡಿಕೆಯ ಆಚೆ ಕೂತ. ನಾವು ಈಚೆ ಚಾಪೆ ಹಾಸಿಕೊಂಡೆವು. ಅಕ್ಕ ಸೆರಗನ್ನು ಎಡಗೆನ್ನೆಗೆ ಎಳೆದುಕೊಂಡು ಗೋಣಿಯ ಗೋಡೆಗೆ ಒತ್ತಿ ಕೂತಳು. ನಮ್ಮ ಪಕ್ಕದಲ್ಲೇ ಶಾಂತಮ್ಮನ ಬಳಗ.

ಕಥೆ ನಡೆಯಿತು. ಸಿಪಾಯಿ ಮನೆ ಬಾಗಿಲು ತಟ್ಟಿದ. "ಅಮ್ಮ ಹೇಳ್ತದೆ, ಇದು ನಮ್ಮ ಮೋನ್ ಅಲ್ಲಾ!" ಎಂದು ಕುಞಪ್ಪ ಕೂಗಿದ. ಮೋನ್ ಎಂದರೆ ಮಗ ಎಂದು ಅಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಡೇರೆಯಲ್ಲಿ ಗೊಳೋ ಎಂದು ಅಳು ಎದ್ದಿತು. ಗಂಡಸರ ಕಡೆಯಿಂದ ಬಂದ ಒಂದು ಬಿಕ್ಕು ಎಲ್ಲಕ್ಕಿಂತ ಜೋರಾಗಿತ್ತು. ಅದು ಅಪ್ಪನದು ಎಂದು ನನಗೆ ಕೂಡಲೇ ತಿಳಿಯಿತು, ಅವನು ಸೀನಿದರೂ ಅತ್ತರೂ ಒಂದೇ ಸದ್ದು. ಶಾಂತಮ್ಮ ಎದೆ ಎದೆ ಬಡಿದುಕೊಂಡು ಪರದೆಯ ಮೇಲಿನ ಹೆಂಡತಿಗೆ ಶಾಪ ಹಾಕುತ್ತಿದ್ದಳು: "ಅಯ್ಯೋ ಪಾಪಿಮುಂಡೆ, ಒಂದ್ಸಲ ಅವನ ಮುಖ ನೋಡ್ಬಾರ್ದೇನೇ! ನಿನ್ ಕಣ್ಣು ಸೇದೋಗಾ!"

ಅದೇ ಹೊತ್ತಿಗೆ ರೀಲು ಕಟ್ಟಾಯಿತು. ಕುಞಪ್ಪ ಗ್ಯಾಸ್‌ಲೈಟ್ ಎತ್ತಿ ಹಿಡಿದ. ನೋಡುವ ಮೈಮರೆವಿನಲ್ಲಿ ನೀಲಕ್ಕನ ಸೆರಗು ಜಾರಿ ಬಿದ್ದಿತ್ತು. ಬೆಳಕು ಸರಿಯಾಗಿ ಅವಳ ಎಡಗೆನ್ನೆಯ ಮೇಲೆ ಬಿತ್ತು. ಶಾಂತಮ್ಮ ತಿರುಗಿ ನೋಡಿದಳು. ಕೆನ್ನೆಯ ಮೇಲೆ ಸಿಪಾಯಿಗೆ ಸುರಿಸಿದ ಕಣ್ಣೀರು ಹರಿಯುತ್ತಲೇ ಇತ್ತು, ಕೈ ಮಾತ್ರ ಚಾಪೆಯ ತುದಿ ಹಿಡಿದು ಆಚೆಗೆ ಎಳೆಯಿತು. ಅವಳನ್ನು ನೋಡಿ ಅವಳಾಚೆಯವಳೂ ಎಳೆದುಕೊಂಡಳು. ನಮ್ಮ ಸುತ್ತ ಬರಿಯ ನೆಲ ಉಳಿಯಿತು. ನಾನು ಯಾವ ಚಾಪೆಯ ಮೇಲೆ ಕೂರಲಿ ಎಂದು ಎರಡೂ ಕಡೆ ನೋಡಿದೆ.

ನೀಲಕ್ಕ ಸೆರಗು ಎಳೆದುಕೊಳ್ಳಲಿಲ್ಲ. ಎದ್ದು ನಿಂತಳು. ಗಂಡಸರ ಕಡೆಗೂ ಕೇಳುವ ಹಾಗೆ, "ಯಾಕೆ ಸರಕೊಳ್ತೀರಾ ಶಾಂತತ್ತೆ? ಅಲ್ಲಿ ನೋಡಕ್ಕೆ ಟಿಕೀಟು ತಗೊಂಡ್ರಿ. ಇಲ್ಲಿ ನೋಡಿ, ಇದು ಪುಕ್ಕಟೆ" ಎಂದಳು.

ಕುಞಪ್ಪ ಅದನ್ನೂ ಕಥೆಯೆಂದು ತಿಳಿದನೋ ಏನೋ, ಬಾಯಿ ತೆರೆದು ಹಾಗೇ ಮುಚ್ಚಿದ. ತಡಿಕೆಯಾಚೆ ಅಪ್ಪ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಕೂತಿದ್ದ. ಕೇಳಿಸಿಕೊಂಡ, ತಿರುಗಲಿಲ್ಲ. ನನಗೋ ಅಲ್ಲೂ ಒಂದೇ ಸಂಕಟ: ಇಂಥ ಮಾತು ನನ್ನ ಬಾಯಿಗೆ ಯಾವತ್ತಾದರೂ ಬಂದಿದೆಯೇ? ಬಂದರೂ ಊರೆಲ್ಲ ಹೀಗೆ ಉಸಿರು ಹಿಡಿದು ಕೇಳುತ್ತಿತ್ತೇ? ಮೊದಲು ಮುಖ ಅವಳದಾಗಿತ್ತು, ಈಗ ನಾಲಿಗೆಯೂ ಅವಳದೇ ಆಯಿತು.

ಆಟ ಮುಗಿದು ಮನೆಗೆ ಬರುವಾಗ ಅಪ್ಪ ಲಾಂದ್ರ ಹಿಡಿದು ಮುಂದೆ ನಡೆದ. ಹಾಸಿಗೆ ಬಿಡಿಸುವಾಗ ಅಕ್ಕ ನನ್ನ ಕಿವಿಯ ಹತ್ತಿರ, "ಪಾರೀ, ನಾಳೆ ನೀನು ಏಳ್ಬೇಡ ಕಣೇ, ನಿದ್ದೆ ಮಾಡು" ಎಂದಳು. ನನಗೆ ತಕ್ಷಣ ಗೊತ್ತಾಯಿತು. ಮಾರನೆಯ ದಿನ ಶನಿವಾರ, ಸಂತೆಯ ಬೋಣಿ, ವಾರದಲ್ಲೇ ದೊಡ್ಡ ಬೋಣಿ. ನನ್ನ ಜಾಗಕ್ಕೆ ಕೈ ಹಾಕುತ್ತಿದ್ದಾಳೆ! ಹಲ್ಲು ಕಚ್ಚಿ ಮಲಗಿದೆ.

ಕೋಳಿ ಕೂಗುವ ಹೊತ್ತಿಗೇ ಎದ್ದು, ತಣ್ಣೀರಲ್ಲೇ ಮುಖ ತೊಳೆದು, ಹೊಸ ಲಂಗ ಉಟ್ಟು ಕತ್ತಲಲ್ಲೇ ಹೊಸ್ತಿಲಾಚೆ ಹೋಗಿ ಅಂಗಡಿಗೆ ಬೆನ್ನು ಹಾಕಿ ನಿಂತೆ. ಅಲ್ಲಿ ಅಕ್ಕನನ್ನು ಕಾಣದೆ ಗೆದ್ದೆ ಎಂದುಕೊಂಡೆ. ಅಪ್ಪ ಬಂದ, ನಿಂತ, ಕಣ್ಣು ಬಿಟ್ಟ. ನನ್ನ ಮುಖ ನೋಡಿದ. ಎಂದಿನ ಹಾಗೆ ಹಲಗೆಯ ಕಡೆ ತಿರುಗಿದ. ಹಲಗೆಗಳು ಇರಲಿಲ್ಲ. ಎಲ್ಲವನ್ನೂ ತೆಗೆದು ಗೋಡೆಗೆ ಒರಗಿಸಿ, ಬೀದಿಗೆ ನೀರು ಚಿಮುಕಿಸಿ, ತಕ್ಕಡಿ ತೂಗುಹಾಕಿ, ಅಪ್ಪನ ಗಾದಿಯ ಮೇಲೆ ನೀಲಕ್ಕ ಕೂತಿದ್ದಳು. ಸೆರಗು ಹೊದ್ದಿರಲಿಲ್ಲ. ಬೀದಿಯ ಬೆಳಕು ಅವಳ ಎಡಗೆನ್ನೆಯ ಮೇಲಿತ್ತು, ಅವಳು ನಮ್ಮ ಕಡೆಗೇ ನೋಡುತ್ತಿದ್ದಳು.

ಅಪ್ಪ ಅವಳನ್ನು ನೋಡಿದ. ಬೆಂಕಿಯ ದಿನದಿಂದ ಈಚೆಗೆ ಅದೇ ಮೊದಲು. ತಿರುಗಿ ಒಳಗೆ ಹೋದ. ಚಪ್ಪಲಿ ಬಿಟ್ಟ. ಮಣೆಯ ಮೇಲೆ ಕೂತ. "ಒಂದು ಗುಟುಕು ನೀರು ಕೊಡು" ಎಂದು ಅವ್ವನಿಗೆ ಹೇಳಿದ. ಅವ್ವ ಚೊಂಬು ತಂದವಳು ಕೊಡಲಾರದೆ ಹಾಗೇ ಹಿಡಿದು ನಿಂತಳು. ಅಪ್ಪ ಅವಳ ಕೈಯಿಂದ ಕಿತ್ತುಕೊಂಡು ಕುಡಿದ.

ನೀಲಕ್ಕ ಅಂಗಡಿಯಿಂದ ಎಲ್ಲವನ್ನೂ ನೋಡಿದಳು. ಶಾಂತಮ್ಮನ ನೀರು, ಊರಿನವರ ನೀರು ಅವಳು ತಡೆದುಕೊಂಡಿದ್ದಳು. ಅಪ್ಪನ ನೀರು ಅವಳ ಕೈಯಲ್ಲಿ ತಡೆಯಲಾಗಲಿಲ್ಲ. ಗಾದಿಯಿಂದ ಇಳಿದು, ಬೀದಿಗೆ ಬೆನ್ನು ಹಾಕಿ, ಗೋಡೆಗೆ ಒರಗಿಸಿದ್ದ ಹಲಗೆ ಎತ್ತಿ ಮತ್ತೆ ಹಾಕಲು ಹೋದಳು. ಹಲಗೆ ಚೌಕಟ್ಟಿನ ಸಂದಿಗೆ ಕೂರಲೇ ಇಲ್ಲ. ನಾನು ಏನು ಮಾಡಿದೆ ಎನ್ನುತ್ತೀರಿ? ಅಪ್ಪ ಹೊಸದಾಗಿ ಹೊರಡುತ್ತಾನೆ, ಹೊಸದಾಗಿ ಕಣ್ಣು ಬಿಡುತ್ತಾನೆ, ಆಗ ನಾನೇ ಕಾಣಬೇಕು ಎಂದು ಹೂ ಸರಿಮಾಡಿಕೊಂಡು ಹೊಸ್ತಿಲಿನ ಹತ್ತಿರ ಇನ್ನೂ ಒಂದು ಹೆಜ್ಜೆ ಮುಂದೆ ಬಂದು ನಿಂತೆ.

ಅಪ್ಪ ಎದ್ದ. ಕಣ್ಣು ಮುಚ್ಚಿಕೊಂಡ. ಗೋಡೆ ಸವರುತ್ತಾ ಬಂದ. ಹೊಸ್ತಿಲಲ್ಲಿ ಅವನ ಸುಟ್ಟ ಅಂಗೈ ನನ್ನ ತಲೆಗೆ ತಾಗಿತು. ಜಡೆ ಮುಟ್ಟಿ ನೋಡಿ ನಾನೆಂದು ತಿಳಿದುಕೊಂಡ.

"ನೀನು ಆಚೆ ಸರ್ಕೊಳ್ಳೇ" ಎಂದ. "ಆಗ್ಲೇ ಮೊದ್ಲು ನಿನ್ನ ಮುಖ ಕಣ್ಣಿಗೆ ಬಿತ್ತು ಅಂತ್ಲೇ ನಾನು ವಾಪಸ್ ಹೋಗಿ ನೀರು ಕುಡ್ದು ಬಂದಿರೋದು."

ನನ್ನನ್ನು ಬದಿಗೆ ತಳ್ಳಿ ಹೊಸ್ತಿಲು ದಾಟಿದ. ಕಣ್ಣು ಮುಚ್ಚಿಕೊಂಡೇ, ಬೆಲ್ಲದ ಪಿಂಡಿಗೆ ಕಾಲು ಎಡವಿಕೊಂಡು, ಕೈ ಮುಂದೆ ಚಾಚಿ ಅಂಗಡಿಯ ನಡುವಿಗೆ ಬಂದು ನಿಂತ.

"ನೀಲಾ, ಎಲ್ಲಿದ್ದೀಯವ್ವಾ?"

"ಇಲ್ಲೇ ಇದ್ದೀನಪ್ಪಾ" ಎಂದಳು ಅಕ್ಕ. ಹಲಗೆ ಅವಳ ಕೈಯಲ್ಲೇ ಇತ್ತು.

"ಅದನ್ನ ಕೆಳಗಿಡು. ಈ ಕಡೆ ತಿರುಗು. ಬೆಳಕಿಗೆ ಬಾ."

ಅವಳು ತಿರುಗಿ, ಬೆಳಕಿಗೆ ಬಂದಳು. ಅಪ್ಪ ಕಣ್ಣು ಬಿಟ್ಟ.

ನೋಡಿದ. ಬಲಗೆನ್ನೆ ನೋಡಿ ಮುಗಿಸಲಿಲ್ಲ, ಎಡಗೆನ್ನೆಗೆ ಬಂದ. ಹುಬ್ಬಿನಿಂದ ಗದ್ದದವರೆಗೆ ಇಳಿದ, ಮತ್ತೆ ಹುಬ್ಬಿಗೆ ಹೋದ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೂ ರೆಪ್ಪೆ ಹಾಕಲಿಲ್ಲ. ಬೀದಿಯಲ್ಲಿ ಸಂತೆಗೆ ಬಂದವರು ಏಲಕ್ಕಿ ಚೀಲ ಇಳಿಸಿ ಕಾಯುತ್ತಾ ನಿಂತರು. ಶಾಂತಮ್ಮ ಬಾಗಿಲಿಗೆ ಬಂದು ಅಲ್ಲೇ ನಿಂತಳು.

"ಆಯ್ತಾ ಅಪ್ಪಾ?" ಎಂದು ಕೇಳಿದಳು ನೀಲಕ್ಕ, ಬಹಳ ಹೊತ್ತಾದ ಮೇಲೆ.

"ಇನ್ನೂ ಇಲ್ಲ, ಇರು" ಎಂದ ಅಪ್ಪ.

ನಾನು ಹೊಸ ಲಂಗ ಉಟ್ಟು ಬಾಗಿಲ ಮೂಲೆಯಲ್ಲಿ ನಿಂತೇ ಇದ್ದೆ. ಮುಂದೆ ನನಗೂ ಮದುವೆಯಾಯಿತು, ಗಂಡ ಒಳ್ಳೆಯವನೇ, ಮಕ್ಕಳು ಮೊಮ್ಮಕ್ಕಳು ಎಲ್ಲ ಆದರು. ಆದರೆ ಇವತ್ತಿನವರೆಗೆ ಒಬ್ಬರೂ, ಒಂದು ಸಲವೂ, ನನ್ನ ಮುಖವನ್ನು ಅಷ್ಟು ಹೊತ್ತು ನೋಡಿಲ್ಲ.